ತುದಿಯಿಂದ ಬಡಿಸುತ್ತಿದ್ದ ಸಾಹೇಬರು

ತಿಂದವು! ಇವತ್ತು ಬೆಳಿಗ್ಗೆ ನಮ್ಮ ಕೊರವ ಮೀನಿನ ಮರಿಗಳು ಒಣ ಫೀಡು ತಿಂದವು. ಒಂದೆರಡಲ್ಲ, ತೊಟ್ಟಿಗೆ ತೊಟ್ಟಿಯೇ ಮೇಲೆದ್ದು ಬಂತು. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ನೀರು ಚಟಪಟ ಅಂದಿತು. ನನ್ನ ಮೊಮ್ಮಗಳು ಪವಿತ್ರ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಫೀಡಿನ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದು, "ತಿಂದ್ವು ಕಣಜ್ಜಿ! ಉಗೀತಾ ಇಲ್ಲ ಕಣಜ್ಜಿ, ನೋಡಜ್ಜಿ, ನುಂಗ್ತಾ ಅವೆ!" ಎಂದು ಕೂಗಿದಳು. ನನ್ನ ಮುಖವೆಲ್ಲ ಮೀನಿನ ಹಿಟ್ಟು. ಇರಲಿ, ಇಂಥ ದಿನ ವಾಸನೆ ಯಾರಿಗೆ ಗೊತ್ತಾಗುತ್ತದೆ? ನಾನು ಹಾಗೇ ಹೋಗಿ ಪಕ್ಕದ ತೋಟದವರಿಗೆ, ಹಾಲಿನ ಡೈರಿಯವನಿಗೆ, ರಸ್ತೆಯಲ್ಲಿ ಸಿಕ್ಕ ಒಬ್ಬ ಗುರುತಿಲ್ಲದ ಮನುಷ್ಯನಿಗೂ ಹೇಳಿ ಬಂದೆ. ಆ ಮನುಷ್ಯ, "ಒಳ್ಳೇದಾಯ್ತು ಬುಡವ್ವ" ಎಂದು ಕೈ ಮುಗಿದು ಹೋದ.

ಮೀನಿನ ಮರಿ ಹೊಟ್ಟೆಗೆ ತಿಂದರೆ ಇಷ್ಟು ಸಡಗರವೇ ಎಂದು ನೀವು ಕೇಳಬಹುದು. ಕೊರವನ ಸಂಗತಿ ಗೊತ್ತಿದ್ದವರು ಕೇಳುವುದಿಲ್ಲ. ಕಟ್ಲ, ರೋಹು ಮರಿಗಳು ದನವಿದ್ದ ಹಾಗೆ. ಕಡಲೆಕಾಯಿ ಹಿಂಡಿ, ತೌಡು ಎರಚಿದರೆ ಮೇಯ್ದುಕೊಂಡು ಇರುತ್ತವೆ. ಕೊರವ ಅಲುಗಾಡುವುದನ್ನು ಮಾತ್ರ ತಿನ್ನುವ ಜಾತಿ. ಹುಟ್ಟಿದ ಹೊಸದರಲ್ಲಿ ನೀರಿನೊಳಗಿನ ಕಣ್ಣಿಗೆ ಕಾಣದ ಹುಳ, ಸ್ವಲ್ಪ ಬಲಿತ ಮೇಲೆ ಕೆಂಪು ದಾರದಂಥ ಹುಳ ಬೇಕು. ಆದರೆ ಕೊನೆಯವರೆಗೂ ಹುಳ ಹಾಕಿ ಸಾಕಲು ಯಾರ ಕೈಲೂ ಆಗುವುದಿಲ್ಲ. ಮರಿಯಿದ್ದಾಗಲೇ ಹುಳ ಬಿಡಿಸಿ ಒಣ ಫೀಡಿಗೆ, ಅಂದರೆ ಮೀನಿನ ಹಿಟ್ಟಿನ ಪುಡಿ ತಿಂಡಿಗೆ, ಬಾಯಿ ಕೂರಿಸಬೇಕು. ಕೂರಲಿಲ್ಲವೋ, ಹಸಿದ ಮರಿ ಪಕ್ಕದ ಮರಿಗೇ ಬಾಯಿ ಹಾಕುತ್ತದೆ. ಪವಿತ್ರಳಿಗೆ ಎರಡು ಸಲ ಹಾಗೇ ಆಯಿತು. ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಒಂದರ ಬಾಯಿಂದ ಇನ್ನೊಂದರ ಬಾಲ ಆಚೆ ಬಂದಿರುತ್ತಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಎರಡೂ ಸತ್ತು ತೇಲುತ್ತಿದ್ದವು.

ಎರಡನೇ ಸಲ ಆದಾಗ ನನ್ನ ಮಗ, ಅಂದರೆ ಪವಿತ್ರಳ ಅಪ್ಪ, ತೊಟ್ಟಿಯ ಹತ್ತಿರ ನಿಂತು ಹೇಳಿಬಿಟ್ಟಿದ್ದ: "ಇನ್ನೊಂದೇ ಸಲ ಕಣಮ್ಮ ಪವಿ. ಅದೂ ಹಿಂಗೇ ಆದ್ರೆ ತೊಟ್ಟಿಗೆಲ್ಲ ಮಣ್ಣು ತುಂಬಿಸ್ಬುಡ್ತೀನಿ. ಕೊಬ್ಬರಿ ಮಂಡಿಯೋರು ಗೋಡೌನ್ ಮಾಡ್ಕೊತೀವಿ ಅಂತ ಕೇಳ್ತಾವ್ರೆ." ಅವನು ಸಿಟ್ಟಿನಿಂದ ಹೇಳಿರಲಿಲ್ಲ. ಮಗಳ ಮುಖ ನೋಡಲಾಗದೆ ಹೇಳಿದ್ದ. ಡಿಗ್ರಿ ಮುಗಿಸಿ, ಬೇರೆ ಎಲ್ಲೂ ಹೋಗುವುದಿಲ್ಲ, ಇದನ್ನೇ ಮಾಡುತ್ತೇನೆ ಎಂದು ನಿಂತಿದ್ದ ಹುಡುಗಿ ಆ ದಿನ ಬಲೆ ಒಗೆದು ಹಗ್ಗಕ್ಕೆ ಹರವಿದಳು.

ಅಂಥ ಮೂರನೇ ಸಲದ ಮರಿಗಳು ಇವತ್ತು ತಿಂದವು. ತಿಂದ ಗಳಿಗೆಯಲ್ಲಿ ನನಗೆ ನೆನಪಾದವರು ಒಬ್ಬರೇ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದ ಅಭ್ಯಾಸವೇ ನನಗಿಲ್ಲ. ನಮಗೆ ಅವರು ಸಾಹೇಬರು.

ನಾವು ಆಗ ಕುಣಿಗಲ್ಲಿನಲ್ಲಿದ್ದೆವು. ಸರ್ಕಾರದ ಮೀನು ಮರಿ ಸಾಕುವ ಜಾಗದಲ್ಲಿ ನಾನು ತೊಟ್ಟಿ ಉಜ್ಜುವ ಕೂಲಿಗೆ ಹೋಗುತ್ತಿದ್ದೆ. ಹೊಸ ಸಾಹೇಬರು ಬರುತ್ತಾರೆ ಅಂದರು. ಬಂದರು. ನೋಡಿದರೆ ಹಣೆ ತುಂಬ ವಿಭೂತಿ, ಕುತ್ತಿಗೆಯಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ! ನಾವು ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡೆವು. "ಮಠಕ್ಕೆ ಹೋಗೋರು ದಾರಿ ತಪ್ಪಿ ಬಂದವ್ರೇನೋ ಕಣೇ" ಎಂದು ಒಬ್ಬಳು ಕಿಸಕ್ಕನೆ ನಕ್ಕಳು. ಅವರು ಅದನ್ನು ಕೇಳಿಸಿಕೊಂಡರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ, ಕರಡಿಗೆಯನ್ನು ಅಂಗಿಯೊಳಗಿನಿಂದ ಬೆನ್ನಿಗೆ ಸರಿಸಿಕೊಂಡು ತೊಟ್ಟಿಗೆ ಇಳಿದರು. ಬೊಗಸೆಯಲ್ಲಿ ನೀರು ಎತ್ತಿ ಮೂಸಿದರು. "ದಾರಿ ಸರಿಯಾಗೇ ಐತೆ ಕಣ್ರಮ್ಮ, ನೀರೇ ಸರಿಯಿಲ್ಲ. ತಳದಲ್ಲಿ ಹಳೇ ತಿಂಡಿ ಕೊಳೀತಾ ಐತೆ, ಬನ್ನಿ ಉಜ್ಜಣ" ಅಂದರು. ಅವರು ಬಗ್ಗುವ ಮುಂಚೆ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಇಳಿಯುವ ಹೆಂಗಸಿನ ಹಾಗೆ ಕಾಣುತ್ತಿದ್ದರು.

ಹುಟ್ಟಿದಂದಿನಿಂದ ಮೀನು ಬಾಯಿಗೆ ಇಟ್ಟವರಲ್ಲ. ಮನೆ ತುಮಕೂರಿನ ಬಟವಾಡಿಯಲ್ಲಿ. ಅಲ್ಲಿ ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಒಂದು ಬಕೆಟ್ ಬಿಸಿನೀರು, ಒಂದು ಸೋಪು ಇಟ್ಟು ಕಾಯುತ್ತಿದ್ದರಂತೆ. ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡ ಮೇಲೇ ಒಳಗೆ. "ನಮ್ಮನೇಲಿ ಹಿತ್ತಲೇ ಮುಂಬಾಗಿಲು" ಎಂದು ಸಾಹೇಬರು ನಗುತ್ತಿದ್ದರು.

ಒಂದು ಸಲ ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಬಂದಿದ್ದರು. ಊಟದ ಯೋಚನೆಯಲ್ಲಿದ್ದರೋ ಏನೋ, "ಯಾವ ಮೀನು ರುಚಿ ಕಣ್ರೀ ಇದರಲ್ಲಿ?" ಎಂದು ಕೇಳಿದರು. ನಮ್ಮ ಸಾಹೇಬರು ನೆಟ್ಟಗೆ ನಿಂತು, "ಮೀನಿಗೆ ಏನು ರುಚಿ ಅಂತ ಕೇಳಿ, ಹೇಳ್ತೀನಿ. ಮೀನು ಏನು ರುಚಿ ಅಂತ ಕೇಳಿದ್ರೆ ನಮ್ಮ ಲಕ್ಕಮ್ಮನ್ನ ಕೇಳ್ಬೇಕು ಸಾರ್" ಎಂದು ನನ್ನ ಕಡೆ ಕೈ ತೋರಿಸಿಬಿಟ್ಟರು. ನನ್ನ ಕೈಯಲ್ಲಿದ್ದ ಪೊರಕೆ ಬಿದ್ದು ಹೋಯಿತು.

ಅವರ ಮನಸ್ಸೆಲ್ಲ ಕೊರವನ ಮೇಲೆ. ಸರ್ಕಾರದ ಕೆಲಸ ಕಟ್ಲ, ರೋಹು. ಮೂಲೆಯ ಒಂದು ಸಣ್ಣ ತೊಟ್ಟಿ ಮಾತ್ರ ಅವರ ಆಸೆಗೆ. ಕೆರೆಯ ಅಂಚಿನಲ್ಲಿ ಕೊರವನ ಮರಿಗಳು ಕೆಂಪಗೆ ಚೆಂಡಿನ ಹಾಗೆ ಗುಂಪು ಕಟ್ಟಿ ಮೇಲೆ ತೇಲುತ್ತವೆ, ಕೆಳಗೆ ತಾಯಿ ಕಾವಲಿರುತ್ತದೆ. ಅದನ್ನು ತೋರಿಸಿ, "ನೋಡಿ ಲಕ್ಕಮ್ಮ, ಇದು ಬೆಕ್ಕಿನ ಜಾತಿ. ಬೆಕ್ಕಿಗೆ ಮುದ್ದೆ ಕಲಿಸೋ ಕೆಲಸ ನಮ್ದು" ಅನ್ನುತ್ತಿದ್ದರು.

ಆ ತೊಟ್ಟಿಯ ಮುಂದೆಯೇ ಒಂದು ದಿನ, ಎಲ್ಲ ಹೆಂಗಸರೂ ಇದ್ದಾಗ, "ನೀವು ಮಕ್ಕಳಿಗೆ ಎದೆಹಾಲು ಹೆಂಗೆ ಬಿಡಿಸಿದ್ರಿ?" ಎಂದು ಕೇಳಿದರು. ಗಂಡಸರು ಕೇಳುವ ಮಾತೇ ಅದು? ನಾವೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡೆವು. ಅವರು ಬಿಡಲಿಲ್ಲ. "ಬೇವಿನ ಸೊಪ್ಪು ಅರೆದು ಹಚ್ಚಿದೆ ಸಾಹೇಬ್ರೆ. ಮಗ ಬಾಯಿ ಇಟ್ಟ, ಕಹಿ ಆಯ್ತು, ಬುಟ್ಟ" ಅಂದೆ.

"ಅತ್ತನಾ?"

"ಅಳದೆ? ಊರೆಲ್ಲ ಕೇಳಂಗೆ ಅತ್ತ."

"ಮತ್ತೆ ಮುದ್ದೆ?"

"ಮುದ್ದೆ ಮೊದಲಿಂದಾನೂ ತಿಂತಿದ್ದ. ನಾನು ಉಣ್ಣೋವಾಗ ಮಡಿಲಲ್ಲಿ ಕೂತು ಬಾಯಿ ತೆಗೀತಿದ್ದ. ಒಂದ್ ಚೂರು ಸಾರಿಗೆ ಅದ್ದಿ ಇಡ್ತಿದ್ದೆ."

ಸಾಹೇಬರು ತೊಡೆ ತಟ್ಟಿಕೊಂಡರು. "ಅದೇ ಸರಿ. ಬೇವು ಹಚ್ಚೋದು ಆಮೇಲೆ. ಹಾಲಿನ ಕಾಲದಲ್ಲೇ ಮುದ್ದೆ ಪರಿಚಯ ಆಗ್ಬೇಕು. ಹುಳದ ಜೊತೆಗೇ ಹಿಟ್ಟು. ಹುಳ ಕಮ್ಮಿ ಮಾಡ್ತಾ ಹೋಗೋದು, ಹಿಟ್ಟು ಜಾಸ್ತಿ ಮಾಡ್ತಾ ಹೋಗೋದು. ಮರಿಗೆ ಮೋಸ ಅನ್ನಿಸ್ಬಾರ್ದು." ಇದು ಅವರಿಗೆ ಮೊದಲೇ ಗೊತ್ತಿತ್ತು. ನಮಗೆ ಮರೆಯದ ಹಾಗೆ ನಮ್ಮ ಬಾಯಿಂದಲೇ ಹೇಳಿಸಿದರು, ಅಷ್ಟೇ.

ಅವರು ಮರಿಗಳಿಗೆ ಹಾಕುತ್ತಿದ್ದ ರೀತಿಯೇ ಬೇರೆ. ಒಂದು ಸ್ಟೀಲ್ ಲೋಟ ಇತ್ತು. ಮೊದಲು ಅದರಲ್ಲಿ ತೊಟ್ಟಿಯ ಅಂಚಿಗೆ ಟಣ್ ಟಣ್ ಎಂದು ಬಾರಿಸುವುದು. ಸ್ವಲ್ಪ ತಡೆದು, ಲೋಟದಲ್ಲಿದ್ದ ತಿಂಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಸುತ್ತಲೂ ಹೋಗುವುದು. ನೀರು ಬೀಳುವ ಪೈಪಿನ ಹತ್ತಿರ ಬಲವಾದ ಮರಿಗಳು ಬಾಯಿ ತೆರೆದು ಕಾಯುತ್ತಿರುತ್ತವೆ. ಅಲ್ಲಿಂದ ಎಂದೂ ಶುರು ಮಾಡುತ್ತಿರಲಿಲ್ಲ. ಆ ಕಡೆಯ ಮೂಲೆಯಲ್ಲಿ ಬಡಕಲು ಮರಿಗಳು ಅಂಜಿಕೊಂಡು ನಿಂತಿರುತ್ತವಲ್ಲ, ಮೊದಲ ಚಿಟಿಕೆ ಅಲ್ಲಿಗೆ.

ಸಾಹೇಬರು ಚಿಕ್ಕವರಿದ್ದಾಗ ಕ್ಯಾತ್ಸಂದ್ರದ ಕಡೆ ಮಠದ ಹಾಸ್ಟೆಲಿನಲ್ಲಿ ಓದಿದವರಂತೆ. ಸಾಲಿನಲ್ಲಿ ಎಲ್ಲರಿಗಿಂತ ಕುಳ್ಳು, ಹಾಗಾಗಿ ಯಾವಾಗಲೂ ಕೊನೆಯ ತಟ್ಟೆ ಅವರದು. ಅಲ್ಲಿ ಬಡಿಸುತ್ತಿದ್ದ ಒಬ್ಬ ಹಿರಿಯರು ಸೌಟು ಹಿಡಿದು ನೇರ ಕೊನೆಗೇ ಬಂದು ಅಲ್ಲಿಂದ ಶುರು ಮಾಡುತ್ತಿದ್ದರಂತೆ. "ಪಂಕ್ತೀಲಿ ಮುಂದೆ ಕೂತೋನಿಗೆ ಧೈರ್ಯ ಇರ್ತದೆ, ಕಾಯ್ತಾನೆ. ತುದೀಲಿ ಕೂತೋನಿಗೆ ಬರ್ತದೋ ಇಲ್ವೋ ಅಂತ ಭಯ. ಭಯ ಇರೋ ಹೊಟ್ಟೆಗೆ ತಿಂದದ್ದು ಹತ್ತಲ್ಲ ಲಕ್ಕಮ್ಮ. ತುದಿಯಿಂದ ಬಡಿಸಿ. ಕಮ್ಮಿ ಬಡಿಸಿ, ಆದ್ರೆ ಮತ್ತೆ ಬರ್ತೀನಿ ಅಂತ ಗೊತ್ತಾಗೋ ಹಂಗೆ ಬಡಿಸಿ" ಅನ್ನುತ್ತಿದ್ದರು. ಮಾತು ಮೀನಿನದೋ ಮನುಷ್ಯರದೋ ಎಂದು ನಾನು ಕೇಳಲಿಲ್ಲ.

ನಮ್ಮ ಯಜಮಾನರಿಗೆ ಮಾತ್ರ ಅವರನ್ನು ರೇಗಿಸುವುದೆಂದರೆ ಇಷ್ಟ. "ಸಾಹೇಬ್ರೆ, ಇಷ್ಟು ಮುದ್ದು ಮಾಡಿ ಸಾಕ್ತೀರ, ಕೊನೆಗೆ ನಮ್ಮನೆ ಗಡಿಗೆಗೆ ತಾನೆ ಬರೋದು? ಪಾಪ ತಟ್ಟಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟರು. ಸಾಹೇಬರು, "ಗಡಿಗೆ ನಿಮ್ದು, ಅದು ನಿಮ್ಮ ಲೆಕ್ಕ. ತೊಟ್ಟಿ ನಂದು. ನನ್ನ ತೊಟ್ಟೀಲಿ ಇರೋ ತನಕ ಯಾವುದೂ ಹಸ್ಕೊಂಡು ಇರ್ಬಾರ್ದು, ಇದು ನನ್ನ ಲೆಕ್ಕ" ಅಂದರು. ಯಜಮಾನರು ಆ ದಿನ ಮನೆಗೆ ಬಂದು, "ಆ ವಯ್ಯ ಸುಲಭಕ್ಕೆ ಸಿಗಲ್ಲ ಕಣೇ" ಅಂದರು.

ಅವರು ರಿಟೈರಾದರು. ನಾವು ಸೊಸೆಯ ತವರಿನ ಕಡೆಯ ಜಮೀನಿಗೆ, ಗುಬ್ಬಿಯಿಂದ ಹಾಗಲವಾಡಿಗೆ ಹೋಗುವ ದಾರಿಗೆ, ಬಂದು ನೆಲೆಸಿದೆವು. ಮೊಮ್ಮಗಳು ಕೊರವ ಸಾಕುತ್ತೇನೆ ಎಂದಾಗ ನಾನೇ ಬಟವಾಡಿಗೆ ಹೋಗಿ ಹೇಳಿದೆ. ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದ ಮನುಷ್ಯ ಕೊಡಪಾನ ಅಲ್ಲೇ ಇಟ್ಟು, "ಕೊರವನಾ?" ಅಂದರು. ಒಳಗಿನಿಂದ ಅವರ ಹೆಂಡತಿ, "ಬಂತು ನೋಡಿ, ಹೋದ ವಾಸನೆ ತಿರುಗಿ ಬಂತು!" ಅಂದರು. ನಗುತ್ತಲೇ ಅಂದರು. ಆಮೇಲೆ ಸಾಹೇಬರು ವಾರ ವಾರ ಬಸ್ಸು ಹತ್ತಿ ಬರತೊಡಗಿದರು, ಮರಿ ಬಿಟ್ಟ ಮೇಲೆ ದಿನಾ. ಕೈಚೀಲದಲ್ಲಿ ಅದೇ ಲೋಟ. ಪವಿತ್ರಳಿಗೆ ದೊಡ್ಡ ಮರಿ ಚಿಕ್ಕ ಮರಿ ಬೇರೆ ಬೇರೆ ಮಾಡುವುದು, ತಳದ ಕೊಳೆ ಪೈಪಿನಲ್ಲಿ ಎಳೆಯುವುದು ಎಲ್ಲ ಕಲಿಸಿದರು. ಮೊದಲ ಮರಿಗಳು ಅವರ ಟಣ್ ಟಣ್ ಕೇಳಿದರೆ ಸಾಕು, ತುದಿಯ ಮೂಲೆಗೆ ಓಡಿಬರುತ್ತಿದ್ದವು. ಇನ್ನೇನು ಹುಳ ನಿಲ್ಲಿಸಬೇಕು ಅನ್ನುವಾಗ ಸಾಹೇಬರು ಹಾಸಿಗೆ ಹಿಡಿದರು. ಆಸ್ಪತ್ರೆಯಿಂದಲೇ ಫೋನಿನಲ್ಲಿ, "ತಿಂದ್ವೇನಮ್ಮ?" ಎಂದು ಪವಿತ್ರಳನ್ನು ಕೇಳುತ್ತಿದ್ದರು. ಅವಳು ಆಸ್ಪತ್ರೆಯ ಓಡಾಟದಲ್ಲೇ ಕಳೆದಳು, ಮರಿಗಳು ಕೈ ತಪ್ಪಿದವು. ಸಾಹೇಬರೂ ಹೋಗಿಬಿಟ್ಟರು.

ಕಾರ್ಯ ಮುಗಿದ ಮೇಲೆ ನಾನು, ಪವಿತ್ರ ನೋಡಲು ಹೋಗಿದ್ದೆವು. ಅವರ ಹೆಂಡತಿ ಹಿತ್ತಲಿಂದ ಆ ಲೋಟ ತಂದು ಪವಿತ್ರಳ ಕೈಗಿಟ್ಟರು. "ತಗೊಂಡ್ಹೋಗಮ್ಮ. ಇಷ್ಟು ವರ್ಷ ಅಡಿಗೆಮನೆಗೆ ಸೇರಿಸ್ಲಿಲ್ಲ, ಈಗ ಬಿಸಾಕಕ್ಕೂ ಮನಸ್ಸು ಬರ್ತಾ ಇಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇಲ್ಲೇ ನಾವು ಎಡವಿದ್ದು. ಮನೆಗೆ ತಂದ ಲೋಟವನ್ನು ಬೆಳಗಿ, ವಿಭೂತಿ ಹಚ್ಚಿ, ಎಲ್ಲರೂ ಕೂಡಿ ದೇವರ ಗೂಡಿನಲ್ಲಿ ಇಟ್ಟುಬಿಟ್ಟೆವು. ಸೊಸೆ ದಿನಾ ಹೂವಿಡುತ್ತಿದ್ದಳು. ಯಜಮಾನರು ಕೈ ಮುಗಿದು ಹೊರಗೆ ಹೋಗುತ್ತಿದ್ದರು. ಪವಿತ್ರ ಎರಡನೇ ಸಲ ಮರಿ ಬಿಟ್ಟಾಗ ಮೊದಲು ಆ ಲೋಟಕ್ಕೆ ಪೂಜೆ ಮಾಡಿ, ಆಮೇಲೆ ಪ್ಲಾಸ್ಟಿಕ್ ಮಗ್ಗಿನಲ್ಲಿ ಫೀಡು ತೆಗೆದುಕೊಂಡು ಹೋಗಿ ಹಾಕಿದಳು. ಮರಿಗಳು ಮೂಸಿದವು, ಉಗಿದವು, ಕೊನೆಗೆ ಒಂದನ್ನೊಂದು ತಿಂದವು. ಮಗ ಗೋಡೌನಿನ ಮಾತು ಆಡಿದ್ದು ಆಗಲೇ.

ಈ ಸಲ ಮರಿ ಬಂದು ಇನ್ನೂ ಹುಳ ತಿನ್ನುತ್ತಿದ್ದಾಗ, ಒಂದು ಸೋಮವಾರ ನಾನು ದೇವರ ಗೂಡು ಒರೆಸುತ್ತಿದ್ದೆ. ಲೋಟ ತೊಳೆಯಲು ತೆಗೆದರೆ ಅದರ ತಳದ ಅಂಚು ಬೆರಳಿಗೆ ತಾಗಿತು. ಸುತ್ತಲೂ ನೆಗ್ಗಿತ್ತು. ಒಂದು ಕಡೆಯೂ ನಯವಿರಲಿಲ್ಲ. ಸಿಮೆಂಟಿನ ಅಂಚಿಗೆ ಬಾರಿಸಿ ಬಾರಿಸಿ ಆದ ನೆಗ್ಗು. ನನ್ನ ಕಿವಿಯಲ್ಲಿ ಟಣ್ ಅಂದ ಹಾಗಾಯಿತು. ಅಯ್ಯೋ, ಇದು ಪೂಜೆ ಮಾಡುವ ಲೋಟವೇ? ಹೂವು ತೆಗೆದು ಪಕ್ಕಕ್ಕಿಟ್ಟೆ. ಲೋಟ ಹಿಡಿದು ತೊಟ್ಟಿಯ ಹತ್ತಿರ ಓಡಿದೆ. ನನ್ನ ವಯಸ್ಸಿನವರು ಓಡಿದರೆ ಹೇಗಿರುತ್ತದೋ ಹಾಗೆ.

"ಪವಿ, ಸಾಹೇಬ್ರು ಬಾರಿಸದೆ ಒಂದ್ ದಿನಾನಾದ್ರೂ ಹಾಕಿದ್ರೇನೇ?"

ಅವಳು ಮಗ್ಗು ಕೆಳಗಿಟ್ಟಳು. "ಇಲ್ಲ ಕಣಜ್ಜಿ. ಹುಳ ಹಾಕೋವಾಗಿಂದ್ಲೂ ಬಾರಿಸ್ತಿದ್ರು. ಈಗ ಹೊಳೀತಾ ಐತೆ, ಸದ್ದು ಕೇಳಿದ್ರೆ ಊಟ ಅಂತ ಮರಿಗೆ ಗೊತ್ತಾಗ್ಲಿ ಅಂತ. ಆಮೇಲೆ ಅದೇ ಸದ್ದಿಗೆ ಹಿಟ್ಟು ಹಾಕಿದ್ರೆ ನಂಬ್ತವೆ. ನಾನು ಅದು ಅವ್ರ ಅಭ್ಯಾಸ ಅನ್ಕೊಂಡೆ ಕಣಜ್ಜಿ, ಪಾಠ ಅನ್ಕೊಳ್ಳಲಿಲ್ಲ."

ಅವತ್ತಿನಿಂದ ಬಾರಿಸುವ ಕೆಲಸ ನನ್ನದು, ಉದುರಿಸುವ ಕೆಲಸ ಅವಳದು. ನಾನು ಮೂಲೆಯಲ್ಲಿ ಕೂತು ಟಣ್ ಟಣ್ ಅನ್ನಿಸುವುದು, ಅವಳು ತುದಿಯಿಂದ ಹುಳ ಹಾಕುತ್ತ ಬರುವುದು. "ಅವ್ವ ಮೀನಿಗೆ ಭಜನೆ ಶುರು ಮಾಡವ್ಳೆ, ತಾಳ ಒಂದು ಕಮ್ಮಿ" ಎಂದು ಮಗ ಆಡಿಕೊಂಡ. ಆಡಿಕೊಳ್ಳಲಿ. ಸ್ವಲ್ಪ ದಿನಕ್ಕೆ ಮರಿಗಳು ಸದ್ದಿಗೆ ಬರತೊಡಗಿದವು. ಹುಳದ ಜೊತೆ ಹಿಟ್ಟು ಕಲೆಸಿ ಹಾಕಿದೆವು. ಹುಳ ಆರಿಸಿ ತಿಂದು ಹಿಟ್ಟು ಬಿಡುತ್ತಿದ್ದವು, ನಮ್ಮ ಯಜಮಾನರು ಉಪ್ಪಿಟ್ಟಿನಲ್ಲಿ ಕಡಲೆಬೇಳೆ ಮಾತ್ರ ಆರಿಸುವ ಹಾಗೆ. ಹುಳ ಕಮ್ಮಿ ಮಾಡಿದೆವು. ನಿನ್ನೆ ಪೂರ್ತಿ ನಿಲ್ಲಿಸಿದೆವು. ನಿನ್ನೆ ಎಲ್ಲ ಸದ್ದಿಗೆ ಬಂದವು, ಒಣ ಫೀಡು ಬಾಯಿಗೆ ಹಾಕಿಕೊಂಡವು, ಉಗಿದವು. ಯಜಮಾನರು ಮರುಗಿ, "ಒಂದ್ ಹಿಡಿ ಹುಳ ಹಾಕ್ಬುಡೇ, ಪಾಪ" ಎಂದು ಗೋಗರೆದರು. ಪವಿತ್ರ ಹುಳದ ಟಬ್ಬಿನ ಮೇಲೆ ತಾನೇ ಹತ್ತಿ ಕೂತಳು. ಮಗ ಮಣ್ಣು ತುಂಬಲು ಗುದ್ದಲಿ ತಂದು ಶೆಡ್ಡಿನ ಗೋಡೆಗೆ ಒರಗಿಸಿ ಇಟ್ಟಿದ್ದು ನನಗೆ ಕಾಣಿಸಿತು.

ಇವತ್ತು ಬೆಳಿಗ್ಗೆ ನಾನು ಬಾರಿಸಿದೆ. ನೀರು ಅಲುಗಿತು. ಪವಿತ್ರ ಆ ಕಡೆಯ ಮೂಲೆಗೆ ಮೊದಲ ಚಿಟಿಕೆ ಉದುರಿಸಿದಳು. ಬಡಕಲು ಮರಿಯೊಂದು ಫೀಡನ್ನು ಹಿಡಿಯಿತು, ಬಿಟ್ಟಿತು, ತಿರುಗಿ ಹಿಡಿಯಿತು. ಉಗಿಯಲಿಲ್ಲ. ಅದನ್ನು ನೋಡಿ ಇನ್ನೊಂದು. ಆಮೇಲೆ ಆಗಲೇ ಹೇಳಿದೆನಲ್ಲ, ಸಾಸಿವೆ! ಮಗ ಹಿಂದೆ ನಿಂತು ನೋಡುತ್ತಿದ್ದವನು ಹೋಗಿ ಗುದ್ದಲಿ ಎತ್ತಿಕೊಂಡು ತೆಂಗಿನ ಗಿಡದ ಪಾತಿ ಸರಿಮಾಡಲು ನಡೆದ. ಹೋಗುತ್ತ ಮಗಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು, "ಅಯ್ಯ ಅಳಬ್ಯಾಡ, ನೀರು ಉಪ್ಪಾಗುತ್ತೆ" ಅಂದ.

ಬಟವಾಡಿಗೆ ಫೋನು ಮಾಡಿದೆ. "ತಿಂದ್ವಾ?" ಅಂದರು ಸಾಹೇಬರ ಹೆಂಡತಿ. ಥೇಟ್ ಸಾಹೇಬರ ಹಾಗೆ ಅಂದರು. "ತಡೀರಿ ಲಕ್ಕಮ್ಮ, ಫೋಟೋ ಮುಂದೆ ಹೇಳಿ ಬರ್ತೀನಿ" ಎಂದು ಫೋನು ಹಾಗೇ ಇಟ್ಟು ಹೋದರು. ಅವರು ಒಳಗೆ ಮೆಲ್ಲಗೆ ಹೇಳುವುದು ನನಗೂ ಕೇಳಿಸಿತು.

ಸಂಜೆಗೆ ಹುರುಳಿಕಾಳಿನ ಬಸ್ಸಾರು, ಮುದ್ದೆ, ಶ್ಯಾವಿಗೆ ಪಾಯಸ. ಯಜಮಾನರು ಮೂತಿ ಉದ್ದ ಮಾಡಿ, "ಇಂಥ ದಿನ ಕೋಳಿ ಕುಯ್ಯೋದು ಬುಟ್ಟು ಬಸ್ಸಾರಾ?" ಅಂದರು. ಸೊಸೆ ಸೌಟು ಹಿಡಿದೇ ಕೇಳಿದಳು: "ಸಾಹೇಬ್ರು ಬಂದಿದ್ರೆ ಕೋಳಿ ಮಾಡ್ತಿದ್ವಾ ಮಾವ?" ಅವರು ತಟ್ಟೆ ಹಾಕಿಕೊಂಡು ಸಾಲಿನ ತಲೆಯಲ್ಲಿ ಕೂತರು. ಪಕ್ಕ ಮಗ. ನಮ್ಮ ಮನೆಯಲ್ಲಿ ಗಂಡಸರು ಉಂಡ ಮೇಲೆ ನಾವು ಉಣ್ಣುವುದು. ಪವಿತ್ರ ಕೇಳಲಿಲ್ಲ. ತನ್ನ ಅವ್ವನನ್ನು ಎಳೆದು ಕೂರಿಸಿದಳು, ನನ್ನನ್ನು ಎಲ್ಲರಿಗಿಂತ ಆಚೆ, ಬಾಗಿಲ ಹತ್ತಿರ, ಕೊನೆಯ ತಟ್ಟೆಗೆ ಕೂರಿಸಿದಳು. ಮುದ್ದೆಯ ಪಾತ್ರೆ ಹಿಡಿದು ಬಂದಳು. ತಾತ ತಟ್ಟೆ ಮುಂದಕ್ಕೆ ತಳ್ಳಿದರು. ಅವಳು ಅವರನ್ನು ದಾಟಿ, ಅಪ್ಪನನ್ನು ದಾಟಿ, ನೇರ ನನ್ನ ಹತ್ತಿರ ಬಂದು ಬಗ್ಗಿ, ಹೊಗೆಯಾಡುವ ಮೊದಲ ಮುದ್ದೆಯನ್ನು ನನ್ನ ತಟ್ಟೆಗೆ ಇಟ್ಟಳು. ನಾನು ಬಸ್ಸಾರಿಗೆ ಅದ್ದಿ ತುತ್ತು ನುಂಗಿದೆ. ಸಾಲಿನ ಆ ತಲೆಯಿಂದ ನಮ್ಮ ಯಜಮಾನರು ನೀರಿನ ಲೋಟ ಎತ್ತಿ ನೆಲಕ್ಕೆ ಬಾರಿಸಿದರು, ಟಣ್ ಟಣ್. "ಏ ಪವಿ, ಈ ಮೂಲೇಲೂ ಒಂದು ಹಸ್ಕೊಂಡ್ ಕೂತೈತೆ ಕಣಮ್ಮೋ!"

"ಬತ್ತೀನಿ ಇರು ತಾತ," ಅಂದಳು ಮೊಮ್ಮಗಳು, ಎರಡನೇ ಮುದ್ದೆಯನ್ನು ತನ್ನ ಅವ್ವನ ತಟ್ಟೆಗೆ ಇಡುತ್ತ.